ಪತ್ತೇದಾರ ತಪ್ಪೊಪ್ಪಿಕೊಂಡ ಅಧ್ಯಾಯ

ಮಾಸ್ತರು ತೀರಿಕೊಂಡ ಸುದ್ದಿ ಗದಗಿನ ನಮ್ಮ ಪ್ರೆಸ್ಸಿಗೆ ಬಂದಾಗ ನಾನು ಅವರದೇ ಕಾದಂಬರಿಯ ಪ್ರೂಫ್ ತಿದ್ದುತ್ತ ಕೂತಿದ್ದೆ. ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ, ನಿಲ್ಲದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಆ ಎರಡು ನಿಮಿಷದಲ್ಲಿ ನನಗಾದದ್ದು ದುಃಖವಲ್ಲ, ಸಿಟ್ಟು. ನನ್ನ ಕೈಗೆ ಸಿಗುವ ಮೊದಲೇ ಈ ಮನುಷ್ಯ ನುಣುಚಿಕೊಂಡನಲ್ಲ ಎಂಬ ಸಿಟ್ಟು.

ಮಾಸ್ತರು ಲಕ್ಷ್ಮೇಶ್ವರದವರು. ಶಾಲೆಯಲ್ಲಿ ಗಣಿತ ಕಲಿಸುತ್ತಲೇ ಪತ್ತೇದಾರಿ ಕಾದಂಬರಿ ಬರೆಯಲು ಹಿಡಿದವರು ನಿವೃತ್ತರಾಗುವ ಹೊತ್ತಿಗೆ ನಮ್ಮ ಭಾಗದ ಪ್ರತಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ತೂಗುತ್ತಿದ್ದರು. ಎಲ್ಲ ಪುಸ್ತಕಕ್ಕೂ ಪತ್ತೇದಾರ ಒಬ್ಬನೇ. ಸೈಕಲ್ಲಿನ ಮೇಲೆ ಬರುತ್ತಾನೆ, ಮೂರೇ ಪ್ರಶ್ನೆ ಕೇಳುತ್ತಾನೆ, ಕಳ್ಳನನ್ನು ಹಿಡಿದುಕೊಟ್ಟು ಕೊನೆಯ ಪುಟದಲ್ಲಿ ‘ನಾನು ತಪ್ಪಿದ್ದು ನನಗೆ ನೆನಪಿಲ್ಲ’ ಎಂದು ಹೇಳಿ ಮತ್ತೆ ಸೈಕಲ್ ಹತ್ತುತ್ತಾನೆ. ಆ ಸಾಲನ್ನು ಮುಂಡರಗಿಯಿಂದ ಶಿರಹಟ್ಟಿಯವರೆಗೆ ಎಲ್ಲರೂ ಹೇಳಿಕೊಂಡು ಓಡಾಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ನನ್ನ ಅಪ್ಪ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿಯ ದಲ್ಲಾಳಿಯಾಗಿದ್ದ. ಮಾಲು ತಂದ ರೈತನ ಪರವಾಗಿ ವ್ಯಾಪಾರಿಯ ಹತ್ತಿರ ದರ ಕುದುರಿಸುವುದು ಅವನ ಕೆಲಸ. ಆಗ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಇಬ್ಬರೂ ಬಲಗೈ ಚಾಚಿ ಮೇಲೊಂದು ಟವಲು ಹೊದಿಸಿಕೊಳ್ಳುವರು, ಅದರ ಕೆಳಗೆ ಬೆರಳುಗಳೇ ಮಾತಾಡುವವು. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟರೆ ಬೇರೇನೂ ಕಾಣದು. ಕುದುರಿದ ದರವನ್ನು ದಲ್ಲಾಳಿ ರೈತನಿಗೆ ತಿಳಿಸುವುದೂ ಹಾಗೆಯೇ. ಹೀಗೆ ದಿನವಿಡೀ ಯಾರ್ಯಾರದೋ ಕೈ ಹಿಡಿಯುವವನಿಗೆ ಬಂಡವಾಳವೆಂದರೆ ಜನರ ನಂಬಿಕೆಯೊಂದೇ. ಅಪ್ಪನ ಬಲಗೈಯ ಕಿರುಬೆರಳು ಮೋಟು. ಚಿಕ್ಕವನಿದ್ದಾಗ ಮೇವು ಕತ್ತರಿಸಲು ಹೋಗಿ ಎರಡು ಗೆಣ್ಣು ಕಳೆದುಕೊಂಡಿದ್ದ. ಪೇಟೆಯಲ್ಲಿ ಅದನ್ನು ಯಾರೂ ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಮಾಸ್ತರ ಒಂದು ಹೊಸ ಕಾದಂಬರಿ ಬಂತು. ಅದರಲ್ಲಿ ಲಕ್ಷ್ಮೇಶ್ವರದಂಥದೇ ಪೇಟೆ, ಒಬ್ಬ ಶೇಂಗಾ ವ್ಯಾಪಾರಿಯ ಕೊಲೆ, ಮೋಟು ಕಿರುಬೆರಳಿನ ಒಬ್ಬ ದಲ್ಲಾಳಿ. ಅಪ್ಪ ಟವಲನ್ನು ಎಡಹೆಗಲ ಮೇಲೆ ಮಡಚಿ ಹಾಕುವ ರೀತಿ, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವ ಚಾಳಿ, ಎಲ್ಲವನ್ನೂ ಮಾಸ್ತರು ಇದ್ದದ್ದು ಇದ್ದಂತೆಯೇ ಇಳಿಸಿದ್ದರು. ಪತ್ತೇದಾರನ ತರ್ಕ ಹೀಗಿತ್ತು: ದಲ್ಲಾಳಿ ಟವಲಿನ ಕೆಳಗೆ ಐದು ಬೆರಳು ಚಾಚುತ್ತಾನೆ, ಎದುರಿನವನ ಕೈಗೆ ನಾಲ್ಕೇ ಹತ್ತುತ್ತವೆ. ಆ ಒಂದು ಬೆರಳಿನ ಅಂತರದಲ್ಲಿ ಅವನು ವರ್ಷಗಟ್ಟಲೆ ಮೋಸ ಮಾಡಿದ್ದಾನೆ, ಮೋಸ ಕಂಡುಹಿಡಿದ ವ್ಯಾಪಾರಿಯನ್ನು ಕೊಂದಿದ್ದಾನೆ. ಕೊನೆಗೆ ದಲ್ಲಾಳಿಗೆ ಜೀವಾವಧಿ ಶಿಕ್ಷೆ, ಪತ್ತೇದಾರನಿಗೆ ಸೈಕಲ್. ಇಡೀ ಲಕ್ಷ್ಮೇಶ್ವರದಲ್ಲಿ ಮೋಟು ಬೆರಳಿನ ದಲ್ಲಾಳಿ ಇದ್ದವನು ನನ್ನ ಅಪ್ಪನೊಬ್ಬನೇ.

ಮೊದಲು ಅದೊಂದು ತಮಾಷೆಯಾಗಿತ್ತು. ಬೆರಳು ಎಣಿಸಿ ತೋರಿಸು ಎಂದು ಪೇಟೆಯವರು ಕಾಡುತ್ತಿದ್ದರು, ಅಪ್ಪನೂ ನಗುತ್ತಿದ್ದ. ಒಂದು ದಿನ ಹಮ್ಮಿಗಿಯ ರೈತನೊಬ್ಬ, ಬಹಳ ವರ್ಷಗಳಿಂದ ಅಪ್ಪನ ಹತ್ತಿರವೇ ಮಾಲು ತರುತ್ತಿದ್ದವನು, ಟವಲಿನ ಕೆಳಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋದ. ಆಮೇಲೆ ಒಬ್ಬೊಬ್ಬರೇ. ಅಪ್ಪ ಕೊಲೆ ಮಾಡಿದ್ದಾನೆಂದು ಯಾರೂ ನಂಬಲಿಲ್ಲ, ಕತೆ ಕತೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದುಕೊಂಡರು, ಮಾಸ್ತರಂಥ ಮಾಸ್ತರು ಸುಮ್ಮನೆ ಬರೆದಾರೆಯೇ ಎಂದರು. ವರ್ಷದೊಳಗೆ ನಾವು ಊರು ಬಿಟ್ಟು ಬೆಟಗೇರಿಗೆ ಬಂದೆವು. ಅಪ್ಪ ಒಂದು ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಕೂತ. ಅಲ್ಲಿ ಯಾರ ಕೈಯನ್ನೂ ಹಿಡಿಯಬೇಕಾಗಿರಲಿಲ್ಲ.

ಅಪ್ಪ ಒಂದು ದಿನವೂ ಮಾಸ್ತರನ್ನು ಬೈಯಲಿಲ್ಲ. ನಾನು ಬೈಯಲು ಹೊರಟರೆ, ದೊಡ್ಡವರು, ಏನೋ ಕತೆ ಬರೆದಿದ್ದಾರೆ, ಬರೆದದ್ದು ನನ್ನನ್ನೇ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ ಎನ್ನುತ್ತಿದ್ದ. ಅವನ ಆ ಸೌಮ್ಯತನ ಕಂಡರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ಅಪ್ಪನ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡು ಬೆಳೆದೆ.

ಓದು ಮುಗಿಸಿ ಗದಗಿನಲ್ಲಿ ಕೆಲಸ ಹುಡುಕಿದರೆ ಸಿಕ್ಕಿದ್ದು ಪ್ರೆಸ್ಸಿನ ಪ್ರೂಫ್ ತಿದ್ದುವ ಕೆಲಸ, ಸಿಕ್ಕ ಪ್ರೆಸ್ಸೂ ಮಾಸ್ತರ ಕಾದಂಬರಿ ಅಚ್ಚುಮಾಡುವ ಪ್ರೆಸ್ಸೇ. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ನಾನು ಅಷ್ಟೂ ವರುಷ ಶತ್ರುವಿನ ಕಾಗುಣಿತ ತಿದ್ದಿದೆ. ಯಾರ ಪುಸ್ತಕ ತಿದ್ದುತ್ತೇನೆಂದು ಅಪ್ಪನಿಗೆ ಹೇಳಿರಲಿಲ್ಲ. ಮಾಸ್ತರು ಪ್ರೆಸ್ಸಿಗೆ ಬಂದಾಗ ‘ತಂಗೀ, ನಿನ್ನ ಕಣ್ಣು ಭಾಳ ಚುರುಕು’ ಎಂದು ಹೊಗಳುವರು, ನಾನು ಯಾರ ಮಗಳೆಂದು ಒಮ್ಮೆಯೂ ಕೇಳಲಿಲ್ಲ. ಒಂದು ಸಲ ಹೊಟ್ಟೆಯುರಿಗೆ ಬೇಕೆಂದೇ ಎರಡು ಪುಟಗಳನ್ನು ಹಿಂದುಮುಂದು ಮಾಡಿ ಬಿಟ್ಟೆ. ಓದುಗರು ಅದನ್ನು ಮಾಸ್ತರ ಹೊಸ ತಂತ್ರವೆಂದು ಕೊಂಡಾಡಿದರು. ಅವರ ಅದೃಷ್ಟ ಅಂಥದು.

ಮಾಸ್ತರು ಹೋಗಿ ತಿಂಗಳಾಗಿರಬೇಕು, ಪ್ರಕಾಶಕರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಓದುಗರು ಬಿಡುತ್ತಿಲ್ಲ, ಮಾಲೆ ನಿಲ್ಲಬಾರದು, ಮಾಸ್ತರ ಮಗ ಒಪ್ಪಿದ್ದಾರೆ, ಪುಸ್ತಕ ಮಾಸ್ತರ ಹೆಸರಿನಲ್ಲೇ ಬರುತ್ತದೆ, ಬರೆಯುವುದು ಮಾತ್ರ ನಾನು ಎಂದರು. ಈ ವಿಷಯ ನಮ್ಮ ಮೂವರನ್ನು ಬಿಟ್ಟು ನಾಲ್ಕನೆಯವರಿಗೆ ತಿಳಿಯಬಾರದು.

‘ಮಾಸ್ತರ ಕೈ ನಿನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ ನೋಡವಾ. ಆದ್ರ ಮೂರು ಮಾತು ನೆನಪಿಡು. ಪತ್ತೇದಾರ ಸಾಯಂಗಿಲ್ಲ, ಲಗ್ನ ಆಗಂಗಿಲ್ಲ, ತಪ್ಪಂಗಿಲ್ಲ.’

ನಾನು ತಕ್ಷಣ ಒಪ್ಪಿದೆ. ಅವಕಾಶ ಸಿಕ್ಕ ಖುಷಿಯೆಂದು ಅವರು ತಿಳಿದರು. ಖುಷಿಯೇ, ಆದರೆ ಬೇರೆ ಜಾತಿಯದು. ಅಂದು ಬೆಟಗೇರಿಗೆ ನಡೆದು ಹೋಗುವಷ್ಟರಲ್ಲಿ ಪತ್ತೇದಾರನನ್ನು ಮುಂಡರಗಿ ರಸ್ತೆಯಲ್ಲಿ ಲಾರಿಯ ಕೆಳಗೆ ಹಾಕಿದೆ, ತುಂಗಭದ್ರೆಗೆ ತಳ್ಳಿದೆ, ಸಂತೆಯಲ್ಲಿ ಜೇಬುಗಳ್ಳನೆಂದು ಹಿಡಿಸಿ ಹೊಡೆಸಿದೆ. ಒಂದೂ ಸಾಕೆನಿಸಲಿಲ್ಲ.

ಟಿಪ್ಪಣಿಗಳನ್ನು ನೋಡಿಕೊಂಡು ಬರಲಿಕ್ಕೆಂದು ಪ್ರಕಾಶಕರು ನನ್ನನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದರು. ಮಾಸ್ತರ ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಗ ಶಿರಹಟ್ಟಿಯಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರ. ಪಕ್ಕದ ಮನೆಯವರು ಕೀಲಿ ತೆಗೆದುಕೊಟ್ಟರು. ಮಾಸ್ತರು ಪ್ರತಿ ಕಾದಂಬರಿಗೂ ಒಂದು ರಟ್ಟಿನ ಫೈಲು ಮಾಡಿದ್ದರು, ಅದರಲ್ಲಿ ನಕ್ಷೆ, ಪತ್ರಿಕೆಯ ತುಣುಕು, ಓದುಗರ ಪತ್ರ. ನಾನು ಮೊದಲು ತೆಗೆದದ್ದು ಯಾವ ಫೈಲೆಂದು ಬೇರೆ ಹೇಳಬೇಕಿಲ್ಲ.

ಓದುಗರ ಪತ್ರಗಳ ನಡುವೆ ಒಂದು ಪೋಸ್ಟ್‌ಕಾರ್ಡು ಇತ್ತು. ಅಕ್ಷರ ಕಂಡ ಕೂಡಲೇ ಗುರುತು ಹತ್ತಿತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಪ್ಪನ ಅಕ್ಷರ, ಒಂದಕ್ಕೊಂದು ತಾಗದಂತೆ ದೂರ ದೂರ ನಿಂತದ್ದು. ‘ಪೂಜ್ಯ ಮಾಸ್ತರರ ಪಾದಗಳಿಗೆ. ತಾವು ಬರೆದ ಬುಕ್ಕು ಓದಿದೆ. ಅದರಲ್ಲಿ ಒಂದು ಚೂಕಿ ಆಗಿದೆ. ದರ ಹೇಳುವವನು ತನ್ನ ಬೆರಳು ಚಾಚುವುದಿಲ್ಲ. ಎದುರಿನವನ ಬೆರಳು ಹಿಡಿಯುತ್ತಾನೆ. ಆದ್ದರಿಂದ ದಲ್ಲಾಳಿಯ ಬೆರಳು ಮೋಟು ಇದ್ದರೂ ದರದಲ್ಲಿ ಫರಕು ಬರುವುದಿಲ್ಲ. ತಿದ್ದಬೇಕಾಗಿ ವಿನಂತಿ.’ ಕೆಳಗೆ ಸಹಿ, ಊರು. ಆ ದಲ್ಲಾಳಿ ನಾನೇ ಎಂದಿರಲಿಲ್ಲ. ಅಂಗಡಿ ಮುಚ್ಚಿದೆ ಎಂದಿರಲಿಲ್ಲ.

ಅಪ್ಪ ಪತ್ರ ಬರೆದದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆರಳಿನ ಈ ವಿಷಯವೂ ನನಗೆ ಗೊತ್ತಿರಲಿಲ್ಲ, ಪೇಟೆಯ ಟವಲಿನ ಕೆಳಗೆ ಹೆಣ್ಣುಮಕ್ಕಳ ಕೈ ಹೋಗುವುದಿಲ್ಲ. ಗೊತ್ತಿದ್ದ ಗಂಡಸರೆಲ್ಲ ಪುಸ್ತಕ ಓದಿ ತಲೆದೂಗಿದ್ದರು. ದಿನಾ ತಾವೇ ಮಾಡುವ ಕೆಲಸವನ್ನು ಮಾಸ್ತರು ತಪ್ಪು ಬರೆದಿದ್ದಾರೆಂದು ಅವರಿಗೆ ಅನಿಸಲೇ ಇಲ್ಲ. ಕಲಿತವರು ಬರೆದದ್ದಲ್ಲವೇ, ತಮ್ಮ ಕೈಗಿಂತ ಅಚ್ಚಿನ ಮೇಲೆ ಅವರಿಗೆ ನಂಬಿಕೆ.

ಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು. ಹನ್ನೆರಡು ವರ್ಷ ನಾನು ಪ್ರೂಫಿನಲ್ಲಿ ಕಂಡ ಅದೇ ಶಾಯಿ, ಅದೇ ಕೈ. ‘ಈತ ಹೇಳುವುದು ಸರಿ. ತಿದ್ದಿದರೆ ಕಥೆಯೇ ಬೀಳುತ್ತದೆ. ಇರಲಿ.’

ಇರಲಿ! ನಾನು ಆ ಮನೆಯ ಹೊಸ್ತಿಲ ಮೇಲೆ ಕೂತು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಗೊತ್ತಿಲ್ಲದೆ ಬರೆದರು ಎಂಬ ಒಂದೇ ಮಾತಿನ ಮೇಲೆ ಅಪ್ಪ ಇಷ್ಟು ವರ್ಷ ಅವರನ್ನು ಕ್ಷಮಿಸಿಕೊಂಡು ಬಂದಿದ್ದ. ಗೊತ್ತಾದ ಮೇಲೂ ಆ ಪುಸ್ತಕ ನಾಲ್ಕು ಸಲ ಮರುಮುದ್ರಣವಾಗಿತ್ತು, ಕೊನೆಯ ಮುದ್ರಣದ ಪ್ರೂಫ್ ನನ್ನ ಕೈಯಲ್ಲೇ ಹಾದುಹೋಗಿತ್ತು. ಕಾರ್ಡಿನ ಎರಡೂ ಮಗ್ಗಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಕಾರ್ಡನ್ನು ಬ್ಯಾಗಿಗೆ ಹಾಕಿದೆ. ಕಳವೆಂದರೆ ಕಳವು. ಪತ್ತೇದಾರನನ್ನು ಕೊಲ್ಲುವ ವಿಚಾರ ಅಲ್ಲಿಗೇ ಬಿಟ್ಟೆ. ಸತ್ತರೆ ಅವನು ತಪ್ಪಿಸಿಕೊಂಡಂತೆ. ಅವನು ಬದುಕಿದ್ದು, ತನ್ನ ಬಾಯಿಂದ, ತಪ್ಪಿದೆ ಎನ್ನಬೇಕು.

ಬರೆಯುವ ಮೊದಲು ಡೋಣಿ ಎಂಬ ಹಳ್ಳಿಗೆ ಹೋದೆ. ಹಿಂದೆ ಲಕ್ಷ್ಮೇಶ್ವರಕ್ಕೆ ಕಡಲೆ ತರುತ್ತಿದ್ದ ಒಬ್ಬ ಮುದುಕರು ಅಲ್ಲಿದ್ದರು. ಟವಲಿನ ವ್ಯಾಪಾರ ತೋರಿಸಿಕೊಡಿ ಎಂದರೆ ಅವರು ಸಂಕೋಚಪಟ್ಟು, ಸೊಸೆಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಮ್ಮಿಬ್ಬರ ಕೈ ಮೇಲೆ ಟವಲು ಹಾಕಿದರು. ಒಂದೆನ್ನಲು ನನ್ನ ತೋರುಬೆರಳು ಹಿಡಿದರು, ಎರಡೆನ್ನಲು ಎರಡು, ಐದೆನ್ನಲು ಇಡೀ ಅಂಗೈ. ‘ನನ್ನ ಬೆರಳು ಹೆಂಗರ ಇರ್ಲಿ ಬೇ, ನಾ ಹಿಡಿಯೂದು ನಿನ್ನವಲ್ಲ?’ ಎಂದರು. ನಮ್ಮ ಮನೆತನ ಮುರಿದ ವಿಷಯ ತಿಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಈಗ ಪೇಟೆಯಲ್ಲಿ ಎಲ್ಲ ಕಂಪ್ಯೂಟರ್ ಟೆಂಡರು, ಟವಲು ಬೆವರು ಒರೆಸಲು ಮಾತ್ರ ಎಂದು ಮುದುಕರು ನಕ್ಕರು.

ಮೂರು ತಿಂಗಳಲ್ಲಿ ಬರೆದೆ. ಮಾಸ್ತರಂತೆಯೇ ಬರೆದೆ, ಅವರಿಗಿಂತ ಚೆನ್ನಾಗಿಯೇ ಬರೆದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮುದುಕನಾದ ಪತ್ತೇದಾರನಿಗೆ ಹೆಸರಿಲ್ಲದ ಒಂದು ಪತ್ರ ಬರುತ್ತದೆ. ಅವನು ಪೇಟೆಗೆ ಹೋಗಿ ಟವಲಿನ ಕೆಳಗೆ ಮೊದಲ ಸಲ ಕೈ ಇಡುತ್ತಾನೆ, ತನ್ನ ತರ್ಕ ಸುಳ್ಳೆಂದು ತಿಳಿಯುತ್ತದೆ, ನಿಜವಾದ ಕೊಲೆಗಾರನನ್ನು ಹುಡುಕಿ ದಲ್ಲಾಳಿಯನ್ನು ಬಿಡಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಜೈಲಿನ ಬಾಗಿಲ ಮುಂದೆ ಅವನನ್ನು ಸೈಕಲ್ಲಿನಿಂದ ಇಳಿಸಿದೆ. ಪೇಟೆಯ ಜನರನ್ನೆಲ್ಲ ಸುತ್ತ ನಿಲ್ಲಿಸಿದೆ. ಆ ಮೋಟು ಬೆರಳಿನ ಮುಂದೆ ತಲೆ ಬಾಗಿಸಿದೆ. ಆ ಪುಟವನ್ನು ನಾಲ್ಕು ಸಲ ತಿದ್ದಿ ಬರೆದೆ, ಸಲಸಲಕ್ಕೂ ಇನ್ನಷ್ಟು ಬಾಗಿಸಿದೆ. ‘ನಾನು ತಪ್ಪಿದ್ದೇನೆ. ನೆನಪಿಲ್ಲ ಎಂದದ್ದೂ ಸುಳ್ಳು’ ಎಂದು ಅವನ ಬಾಯಲ್ಲಿ ಹೇಳಿಸಿದ ದಿನ ಹೊಟ್ಟೆತುಂಬ ಉಂಡು ಮಲಗಿದೆ.

ಪ್ರಕಾಶಕರು ಓದಿ ತಲೆ ಮೇಲೆ ಕೈ ಹೊತ್ತರು. ಪುಸ್ತಕ ಬೆಂಕಿಯಂತಿದೆ, ಆದರೆ ಈ ಕೊನೆಯ ಅಧ್ಯಾಯಕ್ಕೆ ಮಾಸ್ತರ ಮಗ ಹೂಂ ಅಂದರೆ ಮಾತ್ರ ಎಂದರು. ನಾನೇ ಹಸ್ತಪ್ರತಿ ಹಿಡಿದು ಶಿರಹಟ್ಟಿಗೆ ಹೋದೆ.

ಹೆಡ್‌ಮಾಸ್ತರು ಪಡಸಾಲೆಯಲ್ಲಿ ಕೂತು ಕೊನೆಯ ಅಧ್ಯಾಯ ಓದಿ, ಕನ್ನಡಕ ತೆಗೆದು, ಇದನ್ನು ತೆಗೆಯಬೇಕು ಎಂದರು. ನಮ್ಮಪ್ಪನ ಪತ್ತೇದಾರ ತಪ್ಪುವುದಿಲ್ಲ, ನಲವತ್ತು ವರ್ಷ ತಪ್ಪಿಲ್ಲ. ನಾನು ವಾದ ಮಾಡಲಿಲ್ಲ. ಕಾರ್ಡನ್ನು ಹಸ್ತಪ್ರತಿಯ ಮೇಲಿಟ್ಟೆ. ಅವರು ಅಪ್ಪನ ಅಕ್ಷರ ಓದಿದರು, ಕೆಂಪು ಶಾಯಿಯನ್ನೂ ಓದಿದರು. ಮುಖ ಸಣ್ಣದಾಯಿತು. ಅದನ್ನು ನೋಡಲಿಕ್ಕೆಂದೇ ನಾನು ಬಸ್ಸಿನಲ್ಲಿ ಅಷ್ಟು ದೂರ ನಿಂತುಕೊಂಡು ಬಂದಿದ್ದೆ.

‘ಈ ಮನಿಶಾ ನಿಮಗೇನಾಗಬೇಕು?’

‘ನಮ್ಮಪ್ಪರಿ.’

ಅವರು ಕಾರ್ಡನ್ನು ಅಂಗಿಯ ಜೇಬಿಗಿಟ್ಟುಕೊಂಡರು. ಆಮೇಲೆ ಅಂದರು: ‘ಅಧ್ಯಾಯ ಇರ್ಲಿ. ಆದ್ರ ಇದು ನಮ್ಮಪ್ಪ ಸಾಯೂ ಮುಂದ ಬರದಿಟ್ಟದ್ದು ಅಂತ ಮುನ್ನುಡ್ಯಾಗ ಬರಬೇಕು. ಈ ಕಾರ್ಡ್ ನನ್ನ ಕಡೆ ಇರತೈತಿ.’

ನಾನು ಕುಣಿದುಕೊಂಡು ಒಪ್ಪಿದೆ. ಹೆಸರು ನನಗೆ ಬೇಕಿರಲೇ ಇಲ್ಲ. ಮಗಳು ಬರೆದರೆ ಅದು ದೂರು, ಮಾಸ್ತರೇ ಬರೆದರೆ ಅದು ತಪ್ಪೊಪ್ಪಿಗೆ. ಬದುಕಿದ್ದಾಗ ಒಂದು ಸಾಲು ತಿದ್ದದವನು ಸತ್ತ ಮೇಲೆ ತನ್ನ ಹೆಸರಿನಲ್ಲೇ ಊರ ಮುಂದೆ ಕೈಮುಗಿದು ನಿಲ್ಲುತ್ತಾನೆ ಎಂದು ಹಿಗ್ಗಿದೆ. ದಡ್ಡಿ ನಾನು. ಎರಡು ಪುಟ ಹಿಂದುಮುಂದಾದದ್ದನ್ನೇ ಹೊಗಳಿದ ಓದುಗರು ಇವರು ಎಂಬುದು ಮರೆತುಹೋಗಿತ್ತು.

ಪುಸ್ತಕ ಬಂತು, ಹಿಂಬದಿಯಲ್ಲಿ ಮಾಸ್ತರ ನಗುವ ಫೋಟೋದೊಡನೆ. ಹದಿನೈದು ದಿನದಲ್ಲಿ ಪ್ರೆಸ್ಸಿಗೆ ಚೀಲಗಟ್ಟಲೆ ಪತ್ರ. ಎಂಥ ದೊಡ್ಡ ಮನಸ್ಸು, ಸಾಯುವ ಮುಂಚೆ ತನ್ನ ಪತ್ತೇದಾರನ ಸೊಕ್ಕು ತಾನೇ ಮುರಿದ ಮಹಾನುಭಾವ, ತಪ್ಪೊಪ್ಪಿಕೊಳ್ಳುವುದನ್ನು ಇವರಿಂದ ಕಲಿಯಬೇಕು. ಮುಂಡರಗಿಯ ಲೈಬ್ರರಿಯಲ್ಲಿ ಮಾಸ್ತರ ನೆನಪಿಗೆ ಸಭೆ ಇಟ್ಟರು. ಪ್ರೆಸ್ಸಿನ ಪರವಾಗಿ ನನ್ನನ್ನು ಕಳಿಸಿದರು. ಭಾಷಣ ಮಾಡಿದವರೊಬ್ಬರು ನಾನು ಬರೆದ ಕೊನೆಯ ಪುಟವನ್ನು ಎರಡೆರಡು ಸಲ ಓದಿದರು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರ ಫೋಟೋಕ್ಕೆ ಹಾರ ಹಾಕಲು ಸಾಲು ನಿಂತಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಕೆಡವಲು ಹೋದವಳು ನಾನೇ ಅವರನ್ನು ಇನ್ನೂ ಎತ್ತರಕ್ಕೆ ಏರಿಸಿ ಕೂಡಿಸಿದ್ದೆ. ಅಲ್ಲೇ ಎದ್ದು ನಿಂತು ಮೊಬೈಲು ತೆರೆದು ಆ ಕೆಂಪು ಸಾಲು ಓದಿಬಿಡಲೇ ಎನಿಸಿತು. ಅಪ್ಪನ ಮಾನ ಮೊದಲು ಊರಿಗೆ ತಲುಪಲಿ, ಆಮೇಲೆ ಮಾಸ್ತರ ಮುಖವಾಡ ಕಳಚಿದರಾಯಿತು ಎಂದು ಹಲ್ಲು ಕಚ್ಚಿ ಕೂತೆ.

ಮರುವಾರ ಮಧ್ಯಾಹ್ನ ಊಟಕ್ಕೆಂದು ಬೆಟಗೇರಿಯ ಮನೆಗೆ ಬಂದರೆ ಅಪ್ಪನ ಎದುರಿಗೆ ಒಬ್ಬರು ಕೂತಿದ್ದರು. ಲಕ್ಷ್ಮೇಶ್ವರದ ಪೇಟೆಯಲ್ಲಿ ಅಪ್ಪನ ಪಕ್ಕದ ಅಂಗಡಿಯಲ್ಲಿದ್ದ ಸಾಹೇಬರು. ಊರು ಬಿಟ್ಟ ಮೇಲೆ ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಅವರು ಪುಸ್ತಕ ಹಿಡಿದು ಕೊನೆಯ ಅಧ್ಯಾಯ ಓದಿ ಹೇಳುತ್ತಿದ್ದರು. ಪೇಟೆಯವರೆಲ್ಲ ಓದಿದ್ದಾರೆ, ಎಲ್ಲರಿಗೂ ತಲೆ ಎತ್ತಲಾಗದಂತಾಗಿದೆ, ನನಗೂ ಆಗಿದೆ, ಅದಕ್ಕೇ ಬಂದೆ ಎಂದು ನನಗೂ ಹೇಳಿದರು. ನಾನು ಬಾಗಿಲಲ್ಲೇ ನಿಂತೆ. ಇದನ್ನು ಕಾಣಲೆಂದೇ ನಾನು ಬದುಕಿದ್ದೆ ಎನಿಸಿತು.

ಸಾಹೇಬರು ಚಹಾ ಕುಡಿದು ಹೋದ ಮೇಲೆ ಅಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾಸ್ತರ ಗುಟ್ಟು ಈಗಲೇ ಹೇಳಿಬಿಡಬೇಕೆಂದು ನಾನು ಬ್ಯಾಗಿನಿಂದ ಮೊಬೈಲು ತೆಗೆದೆ. ಅಷ್ಟರಲ್ಲಿ ಅಪ್ಪನೇ ಬಾಯಿಬಿಟ್ಟ.

‘ನಿನಗ ಹೇಳಿದ್ದಿಲ್ಲ ನಾನು. ಆವಾಗ ಮಾಸ್ತರಿಗೆ ಒಂದು ಕಾರ್ಡ್ ಬರದಿದ್ದೆ. ಮುಟ್ಟಿತೋ ಇಲ್ಲೋ ಅಂತಿದ್ದೆ. ದಿನಾ ಟಪಾಲಿನವನ ದಾರಿ ನೋಡತಿದ್ದೆ. ಊರು ಬಿಡೂ ಮುಂದನೂ ಟಪಾಲ ಕಚೇರ್ಯಾಗ ಬೆಟಗೇರಿ ಪತ್ತೆ ಕೊಟ್ಟ ಬಂದಿದ್ದೆ.’ ಗಂಟಲು ಸರಿಮಾಡಿಕೊಂಡ. ‘ಮುಟ್ಟಿತ್ತು ನೋಡವಾ. ಮಾಸ್ತರು ಮರ್ತಿರಲಿಲ್ಲ. ಕಾರ್ಡಿಗೆ ಕಾರ್ಡ್ ಬರಿಯೂದ ಬಿಟ್ಟು ಒಂದು ಬುಕ್ಕನ ಬರದು ಉತ್ತರಾ ಕೊಟ್ಟಾರ.’

ಅಪ್ಪನ ಮುಖ ನಾನು ಎಂದೂ ಕಂಡಿರದಷ್ಟು ಹಗುರಾಗಿತ್ತು. ಮೊಬೈಲಿನಲ್ಲಿ ಕಾರ್ಡಿನ ಫೋಟೋ ತೆರೆದೇ ಇತ್ತು, ಅಕ್ಷರ ದೊಡ್ಡದು ಮಾಡಿ ಅವನ ಕಣ್ಣಿಗೆ ಹಿಡಿದರೆ ಮುಗಿಯಿತು. ಕಾರ್ಡು ಮುಟ್ಟಿದ್ದು ಖರೆ ಎಂದು ಅವನಿಗೆ ತಿಳಿಯುತ್ತದೆ, ‘ಇರಲಿ’ ಎಂದದ್ದೂ ತಿಳಿಯುತ್ತದೆ. ಮಾಸ್ತರು ಕೊಟ್ಟ ಉತ್ತರ ಹೋಗಿ ಮಗಳು ಬರೆದ ಕತೆ ಉಳಿಯುತ್ತದೆ. ಇಷ್ಟು ವರ್ಷ ಅಪ್ಪ ಕಾದದ್ದು ಮಗಳ ಕತೆಗಲ್ಲ.

ಅಪ್ಪ ಪುಸ್ತಕ ಮಗುಚಿ, ಮಾಸ್ತರ ಫೋಟೋ ಇರುವ ಬದಿಯನ್ನು ನನ್ನ ಕಡೆಗೆ ತಿರುಗಿಸಿ ಎತ್ತಿ ಹಿಡಿದ.

‘ಸಣ್ಣಾಕಿ ಇದ್ದಾಗಿಂದ ಆ ಮನಿಶಾಗ ಬಾಯಿಗೆ ಬಂದಂಗ ಬೈದೀ. ಈಗ ತಪ್ಪಾತು ಅನ್ನು.’

ನಾನು ಮೊಬೈಲು ಬ್ಯಾಗಿಗೆ ಹಾಕಿದೆ. ಮೈಯೆಲ್ಲ ಉರಿಯುತ್ತಿತ್ತು. ಎರಡೂ ಕೈ ಮುಗಿದು, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ‘ತಪ್ಪಾತ್ರಿ ಮಾಸ್ತರ’ ಅಂದೆ.